ಕಾಲೇಜಿನ ಮೊದಲ ಕ್ಯಾಲ್ಕುಲಸ್ ಕೋರ್ಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲ ಸಲ ಕ್ಯಾಲ್ಕುಲಸ್ ಕ್ಲಾಸಿಗೆ ಕೂರುವವರ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಅವಕ್ಕೆ ಉತ್ತರ ಇಲ್ಲಿದೆ. ಕೆಲವು ಒಂದೆರಡು ಸಾಲಿನಲ್ಲಿ ಮುಗಿಯುತ್ತವೆ. ಕೆಲವನ್ನು ಪೆನ್ನು, ಹಾಳೆ ಪಕ್ಕದಲ್ಲಿ ಇಟ್ಟುಕೊಂಡೇ ಓದಬೇಕು.

ಈ ಕೋರ್ಸಿನಲ್ಲಿ ಏನೇನು ಬರುತ್ತದೆ?

ಹೊಸ ವಿಚಾರ ಅಂತ ಇರುವುದು ಮೂರೇ: ಲಿಮಿಟ್, ಡೆರಿವೇಟಿವ್, ಇಂಟಿಗ್ರಲ್. ಒಂದು ಬೆಲೆ ಯಾವುದರ ಹತ್ತಿರ ಹತ್ತಿರ ಹೋಗುತ್ತಿದೆ ಎಂದು ಕೇಳುವುದು ಲಿಮಿಟ್. ಈ ಕ್ಷಣದಲ್ಲಿ ಎಷ್ಟು ಬೇಗ ಬದಲಾಗುತ್ತಿದೆ ಎಂದು ಕೇಳುವುದು ಡೆರಿವೇಟಿವ್. ಚೂರು ಚೂರು ಕೂಡಿಸುತ್ತ ಹೋದರೆ ಒಟ್ಟು ಎಷ್ಟಾಗುತ್ತದೆ ಎಂದು ಕೇಳುವುದು ಇಂಟಿಗ್ರಲ್. ಡೆರಿವೇಟಿವ್ ಮತ್ತು ಇಂಟಿಗ್ರಲ್ ಒಂದಕ್ಕೊಂದು ಉಲ್ಟಾ ಕೆಲಸ ಮಾಡುತ್ತವೆ ಎಂದು ಹೇಳುವ ಪ್ರಮೇಯ ಕೊನೆಯ ಹೊತ್ತಿಗೆ ಬರುತ್ತದೆ. ಉಳಿದದ್ದೆಲ್ಲ ಇವನ್ನು ಬಳಸುವ ಅಭ್ಯಾಸ.

ನನಗೆ ಗಣಿತ ಅಷ್ಟಾಗಿ ಬರಲ್ಲ. ಆದರೂ ತೆಗೆದುಕೊಳ್ಳಬಹುದಾ?

ತೆಗೆದುಕೊಳ್ಳಬಹುದು. ಆದರೆ "ಗಣಿತ ಬರಲ್ಲ" ಎಂದು ಸುಮ್ನೆ ಹೇಳಿಕೊಂಡರೆ ಏನೂ ಗೊತ್ತಾಗುವುದಿಲ್ಲ. ಯಾವ ಗಣಿತ ಬರಲ್ಲ ಎಂದು ಹುಡುಕಿ. ಕ್ಯಾಲ್ಕುಲಸ್‌ನಲ್ಲಿ ಎಡವುವವರನ್ನು ಹತ್ತಿರದಿಂದ ನೋಡಿದರೆ, ಬಹಳಷ್ಟು ಜನ ಎಡವುವುದು ಹೊಸ ಪಾಠದಲ್ಲಲ್ಲ, ಹಳೆಯ ಆಲ್ಜೀಬ್ರಾದಲ್ಲಿ. ಡೆರಿವೇಟಿವ್ ಸರಿಯಾಗಿ ತೆಗೆದಿರುತ್ತಾರೆ. ಮುಂದಿನ ಸಾಲಿನಲ್ಲಿ ಭಿನ್ನರಾಶಿ ಕೂಡಿಸುವಾಗ ಎಲ್ಲ ಹಾಳಾಗಿರುತ್ತದೆ. ಆಮೇಲೆ "ನನಗೆ ಕ್ಯಾಲ್ಕುಲಸ್ ಬರಲ್ಲ" ಅನ್ನುತ್ತಾರೆ. ಪಾಪ, ಕ್ಯಾಲ್ಕುಲಸ್ ಬಂದಿತ್ತು!

ಇದು ನಿಜಕ್ಕೂ ಒಳ್ಳೆಯ ಸುದ್ದಿ. ಆಲ್ಜೀಬ್ರಾ ಸರಿಮಾಡಿಕೊಳ್ಳುವುದು ಬುದ್ಧಿವಂತಿಕೆಯ ಪ್ರಶ್ನೆ ಅಲ್ಲ, ಕೂತು ಮಾಡುವ ಪ್ರಶ್ನೆ.

ಹಾಗಾದರೆ ಶುರುವಾಗುವ ಮೊದಲು ಏನೇನು ಗಟ್ಟಿ ಮಾಡಿಕೊಳ್ಳಬೇಕು?

ಈ ಎರಡು ಲೆಕ್ಕ ಮಾಡಿ ನೋಡಿ. ಪುಸ್ತಕ ನೋಡಬಾರದು.

ಒಂದು: (ಎಕ್ಸ್ + ಎಚ್)² ಇಂದ ಎಕ್ಸ್² ಕಳೆದು, ಬಂದದ್ದನ್ನು ಎಚ್‌ನಿಂದ ಭಾಗಿಸಿ. ಉತ್ತರ 2ಎಕ್ಸ್ + ಎಚ್ ಬರಬೇಕು.

ಎರಡು: 1/(ಎಕ್ಸ್ + ಎಚ್) ಇಂದ 1/ಎಕ್ಸ್ ಕಳೆದು, ಅದನ್ನೂ ಎಚ್‌ನಿಂದ ಭಾಗಿಸಿ. ಉತ್ತರ −1/(ಎಕ್ಸ್(ಎಕ್ಸ್ + ಎಚ್)) ಬರಬೇಕು.

ಎರಡೂ ತಡವರಿಸದೆ ಬಂದರೆ ನೀವು ಸಿದ್ಧ. ಮೊದಲನೆಯದರಲ್ಲೇ ಸಿಕ್ಕಿಹಾಕಿಕೊಂಡರೆ ಆವರಣ ಬಿಡಿಸುವುದು ನೋಡಿಕೊಳ್ಳಿ. ಎರಡನೆಯದರಲ್ಲಿ ಸಿಕ್ಕಿಕೊಂಡರೆ ಭಿನ್ನರಾಶಿ. ಡೆರಿವೇಟಿವ್‌ನ ಮೊದಲ ವಾರದಲ್ಲಿ ಕ್ಲಾಸಿನಲ್ಲಿ ಮಾಡುವುದು ಬಹುಪಾಲು ಇದೇ ಎರಡು ಲೆಕ್ಕದ ಥರದ್ದು. ಅಲ್ಲಿ ಎಚ್ ಅಂದರೆ ಎಕ್ಸ್‌ನಲ್ಲಿ ಆಗುವ ಚಿಕ್ಕ ಬದಲಾವಣೆ, ಅದನ್ನು ಸೊನ್ನೆಯ ಹತ್ತಿರ ಹತ್ತಿರ ಒಯ್ಯುತ್ತಾರೆ.

ಇವಲ್ಲದೆ ಘಾತಾಂಕದ ನಿಯಮಗಳು, ಲಾಗ್, ಸೈನ್ ಮತ್ತು ಕೊಸೈನ್‌ನ ಮಾಮೂಲಿ ಬೆಲೆಗಳು ಗೊತ್ತಿರಬೇಕು. ಒಂದು ಫಂಕ್ಷನ್ ಒಳಗೆ ಇನ್ನೊಂದು ಫಂಕ್ಷನ್ ಕೂತಿದ್ದರೆ ಗುರುತು ಹಿಡಿಯಲು ಬರಬೇಕು. ಈ ಕೊನೆಯದನ್ನು ಯಾರೂ ಒತ್ತಿ ಹೇಳುವುದಿಲ್ಲ. ನಾನು ಒತ್ತಿ ಹೇಳುತ್ತೇನೆ. ಸೈನ್(ಎಕ್ಸ್²) ನೋಡಿದ ಕೂಡಲೇ "ಹೊರಗೆ ಸೈನ್, ಒಳಗೆ ವರ್ಗ" ಎಂದು ಕಣ್ಣಿಗೆ ಕಾಣಬೇಕು.

ಲಿಮಿಟ್ ಅಂದರೆ ನಿಜವಾಗಿ ಏನು? ಎಚ್ ಸೊನ್ನೆ ಅಲ್ಲ ಅಂತೀರಿ, ಆಮೇಲೆ ಸೊನ್ನೆ ಅಂತೀರಿ.

ಈ ಪ್ರಶ್ನೆ ಕೇಳಿದವರು ಸರಿಯಾದ ಜಾಗದಲ್ಲೇ ಅನುಮಾನ ಪಟ್ಟಿದ್ದಾರೆ. 1734ರಲ್ಲಿ ಜಾರ್ಜ್ ಬರ್ಕ್‌ಲಿ ಎಂಬ ತತ್ವಜ್ಞಾನಿ ಇದೇ ಆಕ್ಷೇಪ ಎತ್ತಿದ್ದರು. ಭಾಗಿಸುವಾಗ ಅದು ಸೊನ್ನೆ ಅಲ್ಲ, ಭಾಗಿಸಿ ಮುಗಿದ ಮೇಲೆ ಸೊನ್ನೆ ಎಂದು ಎತ್ತಿ ಎಸೆಯುತ್ತೀರಿ, ಇದೆಂಥ ನ್ಯಾಯ ಎಂಬುದು ಅವರ ತಕರಾರು. ಗಣಿತದವರ ಹತ್ತಿರ ಆಗ ಗಟ್ಟಿ ಉತ್ತರ ಇರಲಿಲ್ಲ. ಫ್ರಾನ್ಸಿನ ಕೋಶಿ 1821ರಲ್ಲಿ ಲಿಮಿಟ್ ಅನ್ನೇ ಅಡಿಪಾಯ ಮಾಡಿಕೊಂಡು ಬರೆದರು. ಇವತ್ತು ಕಲಿಸುವ ಕಟ್ಟುನಿಟ್ಟಿನ ರೂಪ ಬಂದದ್ದು ಅವರ ನಂತರ, ಜರ್ಮನಿಯ ವೈಯರ್‌ಸ್ಟ್ರಾಸ್ ಅವರಿಂದ.

ಉತ್ತರ ಹೀಗೆ. (ಎಕ್ಸ್² − 9)/(ಎಕ್ಸ್ − 3) ತೆಗೆದುಕೊಳ್ಳಿ. ಎಕ್ಸ್ ಜಾಗದಲ್ಲಿ 3 ಹಾಕಿದರೆ 0/0, ಅರ್ಥವಿಲ್ಲ. 2.9 ಹಾಕಿ, 5.9 ಬರುತ್ತದೆ. 2.99 ಹಾಕಿ, 5.99. ಆ ಕಡೆಯಿಂದ 3.01 ಹಾಕಿ, 6.01. ಸರಿಯಾಗಿ 3ರಲ್ಲಿ ಏನೂ ಇಲ್ಲದಿದ್ದರೂ ಎರಡೂ ಕಡೆಯಿಂದ ಬೆಲೆ 6ರ ಕಡೆಗೇ ಹೋಗುತ್ತಿದೆ. ಲಿಮಿಟ್ 6. ಎಕ್ಸ್ ಅನ್ನು ಯಾವತ್ತೂ 3ಕ್ಕೆ ಸಮ ಮಾಡಲಿಲ್ಲ, ಗಮನಿಸಿದಿರಾ? ಎಚ್ ಕೂಡ ಹಾಗೆಯೇ, ಯಾವತ್ತೂ ಸೊನ್ನೆ ಆಗುವುದಿಲ್ಲ. ಸೊನ್ನೆಯ ಹತ್ತಿರ ಹೋದಂತೆ ಉತ್ತರ ಎತ್ತ ಸಾಗುತ್ತಿದೆ ಎಂದಷ್ಟೇ ಕೇಳುತ್ತೇವೆ.

ಎಪ್ಸಿಲಾನ್-ಡೆಲ್ಟಾ ಓದಲೇಬೇಕಾ?

ಇದು ಲಿಮಿಟ್ ಅಂದರೇನು ಎಂದು ಕಟ್ಟುನಿಟ್ಟಾಗಿ ಹೇಳುವ ರೀತಿ. ಓದಬೇಕೋ ಬೇಡವೋ ಎಂಬುದು ಕೋರ್ಸಿನಿಂದ ಕೋರ್ಸಿಗೆ ಬೇರೆ. ಪಠ್ಯಕ್ರಮದಲ್ಲಿ ಇದ್ದರೆ ಸವಾಲು-ಜವಾಬು ಎಂದುಕೊಂಡು ಓದಿ. 2ಎಕ್ಸ್ + 1ರ ಬೆಲೆ 7ರಿಂದ 0.1ಕ್ಕಿಂತ ದೂರ ಹೋಗಬಾರದು ಎಂಬುದು ಸವಾಲು. ಎಕ್ಸ್ ಅನ್ನು 3ರಿಂದ 0.05ರ ಒಳಗೆ ಇಟ್ಟರೆ ಸಾಕು ಎಂಬುದು ಜವಾಬು. ಎಷ್ಟು ಬಿಗಿ ಸವಾಲಿಗೂ ಜವಾಬು ಇದ್ದರೆ ಲಿಮಿಟ್ ಇದೆ. ಒಂದೇ ಸಲಕ್ಕೆ ತಲೆಗೆ ಹತ್ತದಿದ್ದರೆ ಗಾಬರಿ ಬೇಡ. ಮುಂದಿನ ಪಾಠಗಳು ಇದಕ್ಕಾಗಿ ನಿಲ್ಲುವುದಿಲ್ಲ.

ಡೆರಿವೇಟಿವ್ ತೆಗೆಯಲು ಬರುತ್ತದೆ, ಆದರೆ ಅದು ಏನು ಅಂತ ಗೊತ್ತಿಲ್ಲ. ಪರವಾಗಿಲ್ವಾ?

ಇಲ್ಲ, ಅದು ಏನು ಅಂತ ಗೊತ್ತಿರಲೇಬೇಕು. ನನ್ನ ಪ್ರಕಾರ ಇಡೀ ಕೋರ್ಸಿನಲ್ಲಿ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇಲ್ಲ.

ಎತ್ತರದಿಂದ ಒಂದು ಕಲ್ಲು ಬಿಟ್ಟರೆ ಟಿ ಸೆಕೆಂಡಿನಲ್ಲಿ ಅದು ಸುಮಾರು 4.9ಟಿ² ಮೀಟರ್ ಬೀಳುತ್ತದೆ. ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯುವುದು ಬೇಡ. ಸರಿಯಾಗಿ 2ನೇ ಸೆಕೆಂಡಿನಲ್ಲಿ ಅದರ ವೇಗ ಎಷ್ಟು? ವೇಗ ಅಂದರೆ ದೂರ ಭಾಗಿಸು ಸಮಯ. ಆದರೆ ಒಂದು ಕ್ಷಣದಲ್ಲಿ ದೂರವೂ ಸೊನ್ನೆ, ಸಮಯವೂ ಸೊನ್ನೆ. ಹಾಗಾಗಿ ಸ್ವಲ್ಪ ಸಮಯ ಕೊಡೋಣ. 2ರಿಂದ 2.1 ಸೆಕೆಂಡಿನವರೆಗಿನ ಸರಾಸರಿ ವೇಗ ಸೆಕೆಂಡಿಗೆ 20.09 ಮೀಟರ್. 2ರಿಂದ 2.01ರವರೆಗೆ 19.649. ಇನ್ನೂ ಕಿರಿದಾಗಿಸಿದರೆ 19.6ರ ಹತ್ತಿರ ಬಂದು ನಿಲ್ಲುತ್ತದೆ. ಈಗ ಸೂತ್ರ ಹಾಕಿ: 4.9ಟಿ²ರ ಡೆರಿವೇಟಿವ್ 9.8ಟಿ, ಟಿ ಜಾಗದಲ್ಲಿ 2 ಹಾಕಿದರೆ 19.6. ಸೂತ್ರ ಕೊಟ್ಟದ್ದು ಬೇರೇನೂ ಅಲ್ಲ, ಈಗ ಕೈಯಲ್ಲಿ ಮಾಡಿದ ಲೆಕ್ಕದ ಕೊನೆಯನ್ನೇ.

ಇದನ್ನು ಒಂದು ಸಲವಾದರೂ ನೀವೇ ಕ್ಯಾಲ್ಕುಲೇಟರ್ ಹಿಡಿದು ಮಾಡಿ. ಆಮೇಲೆ ಗ್ರಾಫ್ ಬರೆದು, 2ರ ಬಿಂದುವಿಗೂ ಪಕ್ಕದ ಬಿಂದುವಿಗೂ ಗೆರೆ ಎಳೆಯಿರಿ. ಪಕ್ಕದ ಬಿಂದು ಹತ್ತಿರ ಬಂದಂತೆ ಆ ಗೆರೆ ಸ್ಪರ್ಶರೇಖೆಯ ಮೇಲೆ ಕೂರುತ್ತದೆ. ವೇಗವೂ ಅದೇ, ಗೆರೆಯ ಸ್ಲೋಪೂ ಅದೇ.

ಇನ್ನೊಂದು ಮಾತು: ಮಾನ (ಯೂನಿಟ್) ಬರೆಯುವ ಅಭ್ಯಾಸ ಮಾಡಿಕೊಳ್ಳಿ. ಮೇಲೆ ಮೀಟರ್, ಕೆಳಗೆ ಸೆಕೆಂಡ್ ಇದ್ದರೆ ಡೆರಿವೇಟಿವ್ ಸೆಕೆಂಡಿಗೆ ಇಷ್ಟು ಮೀಟರ್. ಎಷ್ಟೋ ಗೊಂದಲ ಮಾನ ಬರೆದ ಕೂಡಲೇ ಕರಗುತ್ತದೆ.

ಎಷ್ಟು ಸೂತ್ರ ಬಾಯಿಪಾಠ ಮಾಡಬೇಕು?

ನೀವು ಅಂದುಕೊಂಡಿರುವುದಕ್ಕಿಂತ ಕಡಿಮೆ. ಘಾತದ ನಿಯಮ, ಸೈನ್, ಕೊಸೈನ್, ಇ ಘಾತ ಎಕ್ಸ್, ಲಾಗ್, ಪ್ರಾಡಕ್ಟ್ ರೂಲ್ (ಎರಡು ಫಂಕ್ಷನ್ ಗುಣಿಸಿದ್ದರೆ), ಚೈನ್ ರೂಲ್ (ಒಂದರೊಳಗೆ ಇನ್ನೊಂದು ಕೂತಿದ್ದರೆ). ಇಷ್ಟು ಬಂದರೆ ಉಳಿದವನ್ನು ನೀವೇ ಹುಟ್ಟಿಸಬಹುದು. ಟ್ಯಾನ್‌ನ ಡೆರಿವೇಟಿವ್ ಮರೆತರೆ ಸೈನ್ ಭಾಗಿಸು ಕೊಸೈನ್ ಎಂದು ಬರೆದು ತೆಗೆಯಿರಿ.

ಜಾಸ್ತಿ ಜನ ಎಲ್ಲಿ ತಪ್ಪು ಮಾಡುತ್ತಾರೆ?

ಚೈನ್ ರೂಲ್‌ನಲ್ಲಿ. ಸೈನ್(ಎಕ್ಸ್²)ನ ಡೆರಿವೇಟಿವ್ ಕೇಳಿದರೆ ಕೊಸೈನ್(2ಎಕ್ಸ್) ಎಂದು ಬರೆಯುತ್ತಾರೆ. ಸರಿ ಉತ್ತರ 2ಎಕ್ಸ್ · ಕೊಸೈನ್(ಎಕ್ಸ್²). ಹೊರಗಿನದರ ಡೆರಿವೇಟಿವ್ ತೆಗೆಯುವಾಗ ಒಳಗಿನದನ್ನು ಮುಟ್ಟಬಾರದು. ಆಮೇಲೆ ಒಳಗಿನದರ ಡೆರಿವೇಟಿವ್‌ನಿಂದ ಗುಣಿಸಬೇಕು.

ಎರಡು ಫಂಕ್ಷನ್ ಗುಣಿಸಿದ್ದರೆ ಎರಡರ ಡೆರಿವೇಟಿವ್ ಬೇರೆ ಬೇರೆ ತೆಗೆದು ಗುಣಿಸಿಬಿಡುವುದು ಇನ್ನೊಂದು ತಪ್ಪು. ಅದು ಯಾಕೆ ತಪ್ಪು ಎಂದು ಅರ್ಧ ನಿಮಿಷದಲ್ಲಿ ಪರೀಕ್ಷಿಸಬಹುದು. ಎಕ್ಸ್ ಗುಣಿಸು ಎಕ್ಸ್ ಅಂದರೆ ಎಕ್ಸ್², ಅದರ ಡೆರಿವೇಟಿವ್ 2ಎಕ್ಸ್. ಬೇರೆ ಬೇರೆ ತೆಗೆದು ಗುಣಿಸಿದರೆ 1 ಬರುತ್ತದೆ. ಕಥೆ ಮುಗಿಯಿತು. ಯಾವ ನಿಯಮದ ಮೇಲೆ ಅನುಮಾನ ಬಂದರೂ ಹೀಗೆ ಉತ್ತರ ಗೊತ್ತಿರುವ ಚಿಕ್ಕ ಉದಾಹರಣೆ ಹಾಕಿ ನೋಡಿ. ಪರೀಕ್ಷೆಯ ಮಧ್ಯದಲ್ಲೂ ಇದು ಕೈಹಿಡಿಯುತ್ತದೆ.

ಡೆರಿವೇಟಿವ್ ಸೊನ್ನೆ ಆದ ಕಡೆಯೆಲ್ಲ ಗರಿಷ್ಠವೋ ಕನಿಷ್ಠವೋ ಇದೆ ಎಂದುಕೊಳ್ಳುವುದೂ ಉಂಟು. ಎಕ್ಸ್³ ನೋಡಿ. ಸೊನ್ನೆಯಲ್ಲಿ ಡೆರಿವೇಟಿವ್ ಸೊನ್ನೆಯೇ, ಆದರೂ ಗ್ರಾಫ್ ಮೇಲಕ್ಕೇ ಹೋಗುತ್ತಿರುತ್ತದೆ.

ರೇಡಿಯನ್ ಯಾಕೆ? ಡಿಗ್ರಿಯಲ್ಲಿ ಆಗಲ್ವಾ?

ಆಗುತ್ತದೆ, ಆದರೆ ಸೂತ್ರಗಳು ಕೆಡುತ್ತವೆ. ಸೈನ್‌ನ ಡೆರಿವೇಟಿವ್ ಕೊಸೈನ್ ಆಗುವುದಕ್ಕೆ ಕಾರಣ, ಎಕ್ಸ್ ಸೊನ್ನೆಯ ಹತ್ತಿರ ಹೋದಾಗ ಸೈನ್ ಎಕ್ಸ್ ಭಾಗಿಸು ಎಕ್ಸ್ 1ರ ಹತ್ತಿರ ಹೋಗುವುದು. ಕ್ಯಾಲ್ಕುಲೇಟರ್ ಅನ್ನು ರೇಡಿಯನ್‌ಗೆ ಹಾಕಿ 0.01ರ ಸೈನ್ ತೆಗೆದು 0.01ರಿಂದ ಭಾಗಿಸಿ. 0.99998 ಬರುತ್ತದೆ. ಡಿಗ್ರಿಗೆ ಬದಲಾಯಿಸಿ ಅದನ್ನೇ ಮಾಡಿ. 0.01745 ಬರುತ್ತದೆ. ಅದು ಪೈ ಭಾಗಿಸು 180. ಡಿಗ್ರಿಯಲ್ಲಿ ಇದ್ದರೆ ಪ್ರತಿ ಸೂತ್ರದಲ್ಲೂ ಈ ಸಂಖ್ಯೆಯನ್ನು ಹೊತ್ತುಕೊಂಡು ತಿರುಗಬೇಕು.

ವಾಕ್ಯರೂಪದ ಲೆಕ್ಕ ನೋಡಿದರೆ ಕೈಕಾಲು ಆಡುವುದಿಲ್ಲ. ಏನು ಮಾಡಲಿ?

ಚಿತ್ರ ಬರೆಯಿರಿ. ಬದಲಾಗುವುದಕ್ಕೆಲ್ಲ ಹೆಸರಿಡಿ. ಅವುಗಳ ನಡುವಿನ ಸಂಬಂಧ ಬರೆಯಿರಿ. ಆಮೇಲಷ್ಟೇ ಕ್ಯಾಲ್ಕುಲಸ್.

ಎಲ್ಲರಿಗೂ ಎದುರಾಗುವ ಏಣಿ ಲೆಕ್ಕ ನೋಡೋಣ. 5 ಮೀಟರ್ ಏಣಿ ಗೋಡೆಗೆ ಒರಗಿದೆ. ಬುಡ ಸೆಕೆಂಡಿಗೆ 1 ಮೀಟರ್‌ನಂತೆ ಗೋಡೆಯಿಂದ ಆಚೆ ಜಾರುತ್ತಿದೆ. ಬುಡ ಗೋಡೆಯಿಂದ 3 ಮೀಟರ್ ದೂರ ಇರುವಾಗ ತುದಿ ಎಷ್ಟು ವೇಗದಲ್ಲಿ ಕೆಳಗಿಳಿಯುತ್ತದೆ?

ಬುಡದ ದೂರ ಎಕ್ಸ್, ತುದಿಯ ಎತ್ತರ ವೈ. ಪೈಥಾಗೊರಸ್ ಪ್ರಕಾರ ಎಕ್ಸ್² + ವೈ² = 25. ಇಲ್ಲಿ ಆಸೆಗೆ ಬಿದ್ದು ಎಕ್ಸ್ ಜಾಗದಲ್ಲಿ 3 ಹಾಕಿಬಿಡುತ್ತಾರೆ. ಹಾಕಿದರೆ ವೈ 4 ಎಂದು ಸಿಗುತ್ತದೆ, ಅದರ ಡೆರಿವೇಟಿವ್ ಸೊನ್ನೆ, ಏಣಿ ಅಲ್ಲಾಡುತ್ತಲೇ ಇಲ್ಲ! 3 ಎಂಬುದು ಒಂದು ಕ್ಷಣದ ಬೆಲೆ. ಅದನ್ನು ಮೊದಲೇ ಹಾಕಿದರೆ ಚಲನೆಯನ್ನೇ ನಿಲ್ಲಿಸಿದಂತೆ. ಮೊದಲು ಎರಡೂ ಕಡೆ ಸಮಯದ ಮೇಲೆ ಡೆರಿವೇಟಿವ್ ತೆಗೆಯಬೇಕು: 2ಎಕ್ಸ್ ಗುಣಿಸು ಎಕ್ಸ್‌ನ ವೇಗ, ಕೂಡಿಸು 2ವೈ ಗುಣಿಸು ವೈಯ ವೇಗ, ಒಟ್ಟು ಸೊನ್ನೆ. ಈಗ ಎಕ್ಸ್ 3, ವೈ 4, ಎಕ್ಸ್‌ನ ವೇಗ 1 ಹಾಕಿ. ವೈಯ ವೇಗ −0.75. ತುದಿ ಸೆಕೆಂಡಿಗೆ 0.75 ಮೀಟರ್ ಇಳಿಯುತ್ತಿದೆ. ಋಣ ಚಿಹ್ನೆ ಬಂದದ್ದು ಎತ್ತರ ಕಡಿಮೆಯಾಗುತ್ತಿರುವುದರಿಂದ.

ಗರಿಷ್ಠ-ಕನಿಷ್ಠದ ಲೆಕ್ಕಕ್ಕೂ ಇದೇ ದಾರಿ. 12 ಸೆಂಟಿಮೀಟರ್ ಚೌಕದ ರಟ್ಟಿನ ನಾಲ್ಕು ಮೂಲೆಯಲ್ಲಿ ಚಿಕ್ಕ ಚೌಕ ಕತ್ತರಿಸಿ, ಮಡಚಿ, ಮುಚ್ಚಳವಿಲ್ಲದ ಪೆಟ್ಟಿಗೆ ಮಾಡಬೇಕು. ಹೆಚ್ಚು ಗಾತ್ರ ಹಿಡಿಯಲು ಎಷ್ಟು ಕತ್ತರಿಸಬೇಕು? ಸೂತ್ರ ಬರೆಯುವ ಮೊದಲು ಸಂಖ್ಯೆ ಹಾಕಿ ನೋಡಿ. 1 ಸೆಂಟಿಮೀಟರ್ ಕತ್ತರಿಸಿದರೆ ಗಾತ್ರ 100, 2 ಕತ್ತರಿಸಿದರೆ 128, 3 ಕತ್ತರಿಸಿದರೆ 108 ಘನ ಸೆಂಟಿಮೀಟರ್. ಉತ್ತರ ಎಲ್ಲಿ ಬರಬೇಕು ಎಂಬ ಅಂದಾಜು ಆಗಲೇ ಸಿಕ್ಕಿತು, ಅಲ್ವಾ? ಕ್ಯಾಲ್ಕುಲಸ್ ಸರಿಯಾಗಿ 2 ಎಂದು ಹೇಳುತ್ತದೆ.

ಇಂಟಿಗ್ರೇಷನ್ ಯಾಕೆ ಇಷ್ಟು ಕಷ್ಟ?

ಡೆರಿವೇಟಿವ್‌ಗೆ ನಿಯಮಗಳಿವೆ, ಹಂತ ಹಂತವಾಗಿ ಹೋದರೆ ಉತ್ತರ ಬಂದೇ ಬರುತ್ತದೆ. ಇಂಟಿಗ್ರೇಷನ್ ಅದರ ಹಿಮ್ಮುಖ ದಾರಿ, ಅಲ್ಲಿ ಆ ಖಾತ್ರಿ ಇಲ್ಲ. ಇ ಘಾತ −ಎಕ್ಸ್² ನೋಡಲು ಎಷ್ಟು ಸರಳ! ಅದರ ಇಂಟಿಗ್ರಲ್ ಅನ್ನು ನಮಗೆ ಪರಿಚಯ ಇರುವ ಫಂಕ್ಷನ್‌ಗಳಲ್ಲಿ ಬರೆಯಲು ಸಾಧ್ಯವೇ ಇಲ್ಲ, ಇದು ಸಾಬೀತಾಗಿರುವ ವಿಷಯ. ಹಾಗಾಗಿ ಕಷ್ಟ ಅನಿಸಿದರೆ ಅದು ನಿಮ್ಮೊಬ್ಬರ ಕೊರತೆ ಅಲ್ಲ. ಇಲ್ಲಿ ಬೇಕಾದದ್ದು ಕಣ್ಣಿನ ಅಭ್ಯಾಸ, ಅದು ಲೆಕ್ಕ ಮಾಡುತ್ತ ಮಾಡುತ್ತಲೇ ಬರುತ್ತದೆ. ಸಮಾಧಾನದ ವಿಷಯವೂ ಒಂದಿದೆ. ಸಿಕ್ಕ ಉತ್ತರದ ಡೆರಿವೇಟಿವ್ ತೆಗೆದರೆ ಸರಿಯೋ ತಪ್ಪೋ ಆಗಲೇ ಗೊತ್ತಾಗುತ್ತದೆ. ಕೊನೆಯಲ್ಲಿ ಪ್ಲಸ್ ಸಿ (ಯಾವುದಾದರೂ ಒಂದು ಸ್ಥಿರ ಸಂಖ್ಯೆ) ಬರೆಯುವುದು ಮರೆಯಬೇಡಿ.

ಹಿಮ್ಮುಖ ಡೆರಿವೇಟಿವ್‌ಗೂ ವಿಸ್ತೀರ್ಣಕ್ಕೂ ಏನು ಸಂಬಂಧ?

ಎಕ್ಸ್²ರ ಗೆರೆಯ ಕೆಳಗೆ 0ಯಿಂದ 3ರವರೆಗೆ ಎಷ್ಟು ವಿಸ್ತೀರ್ಣ ಇದೆ? 1 ಅಗಲದ ಮೂರು ಆಯತ ಹಾಕಿ. ಎಡ ಅಂಚಿನ ಎತ್ತರ ತೆಗೆದುಕೊಂಡರೆ 0 + 1 + 4 = 5, ಇದು ಕಡಿಮೆ. ಬಲ ಅಂಚಿನದು ತೆಗೆದುಕೊಂಡರೆ 1 + 4 + 9 = 14, ಇದು ಜಾಸ್ತಿ. ಅರ್ಧ ಅಗಲದ ಆರು ಆಯತ ಹಾಕಿದರೆ 6.875 ಮತ್ತು 11.375. ಎರಡೂ ಕಡೆಯಿಂದ ಅಂತರ ಕಿರಿದಾಗುತ್ತ ಬರುತ್ತದೆ. ಈಗ ಎಕ್ಸ್²ರ ಹಿಮ್ಮುಖ ಡೆರಿವೇಟಿವ್ ಆದ ಎಕ್ಸ್³/3ರಲ್ಲಿ 3 ಹಾಕಿ: 9. ಅಷ್ಟೇ!

ಯಾಕೆ ಹೀಗೆ? ಬಲಗಡೆಯ ಅಂಚನ್ನು ಒಂದು ಚೂರು ಮುಂದೆ ಸರಿಸಿದರೆ ವಿಸ್ತೀರ್ಣಕ್ಕೆ ಸೇರುವುದು ಒಂದು ತೆಳ್ಳನೆ ಪಟ್ಟಿ. ಅದರ ಎತ್ತರ ಅಲ್ಲಿನ ಗೆರೆಯ ಎತ್ತರವೇ. ಅಂದರೆ ವಿಸ್ತೀರ್ಣ ಬೆಳೆಯುವ ವೇಗ ಗೆರೆಯ ಎತ್ತರಕ್ಕೆ ಸಮ. ವಿಸ್ತೀರ್ಣದ ಡೆರಿವೇಟಿವ್ ಆ ಫಂಕ್ಷನ್ನೇ ಆಯಿತು. ಇಡೀ ಕೋರ್ಸಿನಲ್ಲಿ ನನಗೆ ಅತ್ಯಂತ ಇಷ್ಟವಾದ ಜಾಗ ಇದು. ಪರೀಕ್ಷೆಗೆ ಬರಲಿ ಬಿಡಲಿ, ಇದನ್ನು ಅರ್ಥ ಮಾಡಿಕೊಳ್ಳದೆ ಮುಂದೆ ಹೋಗಬೇಡಿ.

ಕ್ಯಾಲ್ಕುಲಸ್ ಕಂಡುಹಿಡಿದವರು ಯಾರು, ನ್ಯೂಟನ್ನೋ ಲೈಬ್ನಿಟ್ಸೋ?

ಇಬ್ಬರೂ, ಬೇರೆ ಬೇರೆಯಾಗಿ. ನ್ಯೂಟನ್ 1665–66ರ ಹೊತ್ತಿಗೇ ಕೆಲಸ ಶುರು ಮಾಡಿದ್ದರು, ಆಗ ಪ್ರಕಟಿಸಲಿಲ್ಲ. ಲೈಬ್ನಿಟ್ಸ್ 1684ರಲ್ಲಿ ಪ್ರಕಟಿಸಿದರು. ಡಿವೈ ಬೈ ಡಿಎಕ್ಸ್ ಬರಹ, ∫ ಚಿಹ್ನೆ ಎರಡೂ ಲೈಬ್ನಿಟ್ಸ್ ಕೊಟ್ಟವು. ಮೂಲ ವಿಚಾರಗಳು ಇನ್ನೂ ಹಳೆಯವು. ಆರ್ಕಿಮಿಡೀಸ್ ಪ್ಯಾರಾಬೊಲಾದ ತುಂಡಿನ ವಿಸ್ತೀರ್ಣವನ್ನು ಕರಾರುವಾಕ್ಕಾಗಿ ಕಂಡುಹಿಡಿದಿದ್ದರು. ಕೇರಳದ ಮಾಧವ 14ನೇ ಶತಮಾನದಲ್ಲೇ ಸೈನ್, ಕೊಸೈನ್‌ಗಳನ್ನು ಕೊನೆಯಿಲ್ಲದ ಸರಣಿಯಾಗಿ ಬರೆಯುವ ದಾರಿ ಕಂಡಿದ್ದರು.

ಕ್ಲಾಸಿನಲ್ಲಿ ಎಲ್ಲ ಅರ್ಥವಾಗುತ್ತದೆ. ಮನೆಗೆ ಬಂದು ಕೂತರೆ ಒಂದೂ ಬರಲ್ಲ. ಯಾಕೆ?

ಬೇರೆಯವರು ಮಾಡಿದ್ದನ್ನು ಒಪ್ಪಿಕೊಳ್ಳುವುದೇ ಬೇರೆ, ಮುಂದಿನ ಸಾಲು ಯಾವುದು ಎಂದು ನೀವೇ ನಿರ್ಧರಿಸುವುದೇ ಬೇರೆ. ಕ್ಲಾಸಿನಲ್ಲಿ ಆ ನಿರ್ಧಾರ ಮೇಷ್ಟ್ರದು. ಅದಕ್ಕೇ ಎಲ್ಲ ಸಲೀಸು ಅನಿಸುತ್ತದೆ.

ಕ್ಲಾಸಿನಲ್ಲಿ ಬಿಡಿಸಿದ ಲೆಕ್ಕವನ್ನು ಅದೇ ದಿನ ಖಾಲಿ ಹಾಳೆಯ ಮೇಲೆ, ನೋಟ್ಸ್ ಮುಚ್ಚಿಟ್ಟು, ಮತ್ತೆ ಬಿಡಿಸಿ. ಎಲ್ಲಿ ನಿಂತಿರೋ ಆ ಸಾಲಿಗೆ ಗುರುತು ಹಾಕಿ. ನೋಟ್ಸ್ ತೆರೆದು ಆ ಒಂದು ಸಾಲು ಮಾತ್ರ ನೋಡಿ, ಮತ್ತೆ ಮುಚ್ಚಿ. ಎರಡು ದಿನ ಬಿಟ್ಟು ಅದೇ ಲೆಕ್ಕ ಇನ್ನೊಮ್ಮೆ. ಉತ್ತರವನ್ನು ಮೂರು ಸಲ ಓದುವುದಕ್ಕಿಂತ ಇದು ಎಷ್ಟೋ ಮೇಲು. ಮೇಷ್ಟ್ರ ಹತ್ತಿರ ಹೋಗುವಾಗಲೂ ಆ ಹಾಳೆ ತೆಗೆದುಕೊಂಡು ಹೋಗಿ. "ಏನೂ ಅರ್ಥವಾಗಿಲ್ಲ" ಎಂದರೆ ಅವರಿಗೂ ಎಲ್ಲಿಂದ ಶುರು ಮಾಡಬೇಕು ಎಂದು ತಿಳಿಯುವುದಿಲ್ಲ. "ಈ ಸಾಲಿನಿಂದ ಈ ಸಾಲಿಗೆ ಹೇಗೆ ಬಂತು?" ಎಂದರೆ ಐದು ನಿಮಿಷದ ಕೆಲಸ.

ವಾರಕ್ಕೆ ಎಷ್ಟು ಹೊತ್ತು ಕೊಡಬೇಕು?

ಕ್ಲಾಸಿನ ಪ್ರತಿ ಗಂಟೆಗೆ ಹೊರಗೆ ಸುಮಾರು ಎರಡು ಗಂಟೆ ಎಂಬುದು ಸಾಮಾನ್ಯ ಲೆಕ್ಕ. ಆಲ್ಜೀಬ್ರಾ ದುರ್ಬಲ ಇದ್ದರೆ ಜಾಸ್ತಿ. ದಿನಕ್ಕೆ ಸ್ವಲ್ಪ ಸ್ವಲ್ಪ ಮಾಡಿ, ಎಲ್ಲವನ್ನೂ ಭಾನುವಾರಕ್ಕೆ ಇಡಬೇಡಿ.

ಸಾಫ್ಟ್‌ವೇರ್, ಎಐ ಬಳಸಬಹುದಾ?

ನಿಮ್ಮ ಕೋರ್ಸಿನ ನಿಯಮ ಏನಿದೆ ಎಂದು ಮೊದಲು ನೋಡಿ. ಗ್ರಾಫ್ ನೋಡುವುದಕ್ಕೆ ಜಿಯೋಜೀಬ್ರಾ, ಡೆಸ್ಮಾಸ್ ಥರದವನ್ನು ಧಾರಾಳವಾಗಿ ಬಳಸಿ. ಎಐಗೆ ಲೆಕ್ಕ ಕೊಟ್ಟು ಉತ್ತರ ನಕಲು ಮಾಡಿದರೆ ಮುಂದಿನ ಸಾಲು ಆರಿಸುವ ಅಭ್ಯಾಸವೇ ತಪ್ಪಿಹೋಗುತ್ತದೆ, ಕಲಿಯಬೇಕಾದದ್ದು ಅದನ್ನೇ. ಅದರ ಬದಲು ನೀವು ಬಿಡಿಸಿದ್ದನ್ನು ಕೊಟ್ಟು ತಪ್ಪು ಎಲ್ಲಿದೆ ಎಂದು ಕೇಳಿ. ಅದು ಹೇಳಿದ್ದನ್ನೂ ಪರೀಕ್ಷಿಸಿ. ತಪ್ಪು ಉತ್ತರವನ್ನೂ ಅದು ಅಷ್ಟೇ ಧೈರ್ಯದಿಂದ ಹೇಳಬಲ್ಲದು.

ಅರ್ಧ ಸೆಮಿಸ್ಟರ್ ಆಗಿದೆ, ತುಂಬಾ ಹಿಂದೆ ಬಿದ್ದಿದ್ದೇನೆ. ಈಗ?

ಮೊದಲ ಪುಟದಿಂದ ಶುರು ಮಾಡಬೇಡಿ. ಅಷ್ಟರಲ್ಲಿ ಕ್ಲಾಸು ಇನ್ನೂ ಮುಂದೆ ಹೋಗಿರುತ್ತದೆ. ಈ ವಾರದ ಪಾಠದಲ್ಲಿ ಕೂತು, ಅದಕ್ಕೆ ಬೇಕಾದದ್ದನ್ನು ಮಾತ್ರ ಹಿಂದಕ್ಕೆ ಹೋಗಿ ತನ್ನಿ. ಬಹುತೇಕ ಸಲ ಬೇಕಾಗುವುದು ಚೈನ್ ರೂಲ್. ಅದೊಂದನ್ನು ಎರಡು ದಿನ ಗಟ್ಟಿಯಾಗಿ ಮಾಡಿದರೆ ಅರ್ಧ ಕೋರ್ಸ್ ತೆರೆದುಕೊಳ್ಳುತ್ತದೆ. ಕೋರ್ಸ್ ಬಿಡಲು ಕೊನೆಯ ದಿನಾಂಕ ಯಾವುದು ಎಂದು ಇವತ್ತೇ ತಿಳಿದುಕೊಳ್ಳಿ. ಬಿಟ್ಟು, ಆಲ್ಜೀಬ್ರಾ ಸರಿಮಾಡಿಕೊಂಡು, ಮತ್ತೆ ತೆಗೆದುಕೊಂಡು ಚೆನ್ನಾಗಿ ಮಾಡಿದವರು ಬೇಕಾದಷ್ಟು ಜನ ಇದ್ದಾರೆ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ನನ್ನದು ಬಯಾಲಜಿ, ಎಕನಾಮಿಕ್ಸ್. ನನಗೆ ಇದು ಯಾಕೆ?

ಇನ್ನೊಂದು ವಸ್ತು ತಯಾರಿಸಲು ಎಷ್ಟು ಹೆಚ್ಚು ಖರ್ಚು ಎಂದು ಅರ್ಥಶಾಸ್ತ್ರ ಕೇಳುವುದು ಡೆರಿವೇಟಿವ್ ಅನ್ನೇ. ರಕ್ತದಲ್ಲಿನ ಔಷಧದ ಪ್ರಮಾಣ ಎಷ್ಟು ಬೇಗ ಇಳಿಯುತ್ತದೆ, ಬ್ಯಾಕ್ಟೀರಿಯಾ ಎಷ್ಟು ಬೇಗ ಹೆಚ್ಚುತ್ತವೆ ಎಂಬುದೂ ಅದೇ. ಬೆಳವಣಿಗೆಯ ವೇಗ ಈಗ ಇರುವ ಪ್ರಮಾಣಕ್ಕೆ ತಕ್ಕಂತೆ ಇದ್ದರೆ ಇ ಘಾತದ ಫಂಕ್ಷನ್ ತಾನಾಗಿಯೇ ಬಂದು ಕೂರುತ್ತದೆ.

ಇದಾದ ಮೇಲೆ ಏನು?

ಎರಡನೇ ಕೋರ್ಸಿನಲ್ಲಿ ಸಾಮಾನ್ಯವಾಗಿ ಇಂಟಿಗ್ರೇಷನ್‌ನ ಇನ್ನಷ್ಟು ವಿಧಾನಗಳು ಮತ್ತು ಅನಂತ ಸರಣಿಗಳು. ಆಮೇಲೆ ಒಂದಕ್ಕಿಂತ ಹೆಚ್ಚು ಚರಗಳ ಕ್ಯಾಲ್ಕುಲಸ್, ಡಿಫರೆನ್ಷಿಯಲ್ ಸಮೀಕರಣಗಳು. ನಡುವೆ ರಜೆ ಇದ್ದರೆ ವಾರಕ್ಕೆ ನಾಲ್ಕೈದು ಸಬ್‌ಸ್ಟಿಟ್ಯೂಷನ್ ಲೆಕ್ಕ (ಒಳಗಿನದಕ್ಕೆ ಹೊಸ ಹೆಸರಿಟ್ಟು ಇಂಟಿಗ್ರಲ್ ತೆಗೆಯುವುದು) ಮಾಡುತ್ತಿರಿ. ಎರಡನೇ ಕೋರ್ಸಿನ ಮೊದಲ ಪಾಠಗಳು ಅದು ಬರುತ್ತದೆ ಎಂದುಕೊಂಡೇ ಶುರುವಾಗುತ್ತವೆ.